ಪಿಸುಮಾತು ಬಾರದವನು ತೋಳದ ಕಾಡಿಗೆ ಹೋದದ್ದು

ಎಸ್ಟೋನಿಯಾ ಎಂಬ ದೇಶದಲ್ಲಿ ನಾನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಹೆಂಡತಿ ಪ್ರಮೀಳಾಳನ್ನು ಕೇಳಿದರೆ ಎರಡೂವರೆ ದಿನ ಎನ್ನುತ್ತಾಳೆ. ಇಂಥ ವಿಷಯದಲ್ಲಿ ಅವಳು ಸಾಮಾನ್ಯವಾಗಿ ತಪ್ಪುವುದಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಎಂಟು ಪವರ್‌ಲೂಮ್ ಮಗ್ಗಗಳ ಮನೆ. ಗೋಡೆಯ ಆಚೆ ಮಗ್ಗ, ಈಚೆ ನಾವು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವನಿಗೆ ಮೆಲ್ಲಗೆ ಮಾತಾಡುವುದೂ ಒಂದು ವಿದ್ಯೆ ಎಂದು ಗೊತ್ತಾಗುವುದಿಲ್ಲ. ನಾನು ಯಾರದಾದರೂ ಕಿವಿಯಲ್ಲಿ ಗುಟ್ಟು ಹೇಳಿದರೆ ಎದುರುಮನೆಯವರು ಅದಕ್ಕೆ ಸಲಹೆ ಕೊಡುತ್ತಾರೆ. ಇಂಥವನನ್ನು ಕಟ್ಟಿಕೊಂಡು ಪ್ರಮೀಳಾ ಹಿಮದ ಕಾಡಿನಲ್ಲಿ ತೋಳದ ಫೋಟೋ ತೆಗೆಯಲು ಹೊರಟಳು. ಟ್ರೈಪಾಡ್ ಹೊರಲು ಬೇರೆ ಯಾರೂ ಸಿಗಲಿಲ್ಲ.

ತೋಳ ಯಾಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ನನ್ನದು. ಪ್ರಮೀಳಾ ಕ್ಯಾಮೆರಾ ಹಿಡಿದದ್ದು ನಮ್ಮ ಸೀರೆಗಳ ಫೋಟೋ ತೆಗೆದು ಅಂಗಡಿಯವರಿಗೆ ವಾಟ್ಸಾಪಿನಲ್ಲಿ ಕಳಿಸಲು. ಸೀರೆಯಿಂದ ಕೆರೆಯ ಹಕ್ಕಿಗಳಿಗೆ ಬಂದಳು. ಮೂರು ವರ್ಷದ ಕೆಳಗೆ ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ತ್ಯಾಮಗೊಂಡ್ಲಿನ ತಂಗಿಯ ಮನೆಗೆ ಹೋಗುವಾಗ ರಸ್ತೆ ಪಕ್ಕದ ಬೀಳಿನಲ್ಲಿ ತೋಳ ಕಂಡಳು. ಅವತ್ತು ಕ್ಯಾಮೆರಾ ಮನೆಯಲ್ಲಿತ್ತು. ಅರಣ್ಯದವರಿಗೆ ಫೋನ್ ಮಾಡಿ ತಿಳಿಸಿದಳು. ಸಂಜೆ ಒಬ್ಬ ಗಾರ್ಡ್ ಪುಸ್ತಕ ಹಿಡಿದುಕೊಂಡು ಮನೆಗೆ ಬಂದ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ನೀವೇನಂತೀರಾ ಸಾರ್? ತೋಳಾನಾ, ನಾಯೀನಾ?" ಎಂದ.

ಅವಳು ತೋಳ ನೋಡಿದ ಹೊತ್ತಿನಲ್ಲಿ ನಾನು ಆರನೇ ಮಗ್ಗದ ಕೆಳಗೆ ಮಲಗಿ ಬೆಲ್ಟು ಬಿಗಿ ಮಾಡುತ್ತಿದ್ದೆ. ಆದರೂ, "ನಾಯಿ ಇರ್ಬೇಕು ಬಿಡಿ ಸಾರ್," ಎಂದೆ. ಅವನು ನಾಯಿ ಎಂದು ಬರೆದುಕೊಂಡ. ಪ್ರಮೀಳಾ ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದುಕೊಟ್ಟಳು. ನನ್ನ ಲೋಟದಲ್ಲಿ ಸಕ್ಕರೆ ಇರಲಿಲ್ಲ.

ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಬೀದಿಯವರು ಎತ್ತಿದರು, ಅವಳಿಗೆ ತೋಳದಕ್ಕ ಎಂದು ಹೆಸರಿಟ್ಟರು. ಅವಳು ದೊಡ್ಡ ಲೆನ್ಸು ಕೊಂಡು, ನನ್ನನ್ನೂ ಕರೆದುಕೊಂಡು, ಎರಡು ಸಲ ತೋಳಗಳಿರುವ ಕೊಪ್ಪಳದ ಕಡೆ ಹೋಗಿಬಂದಳು. ಎರಡು ಸಲವೂ ಫೋಟೋದಲ್ಲಿ ಕುರಿಗಳು ಚೆನ್ನಾಗಿ ಬಂದಿದ್ದವು. ಕೊನೆಗೊಂದು ದಿನ ಎಸ್ಟೋನಿಯಾ ಎಂದಳು. "ಬಿಳೀ ಹಿಮದ ಮೇಲೆ ನಿಂತಿದ್ರೆ ಯಾರೂ ನಾಯಿ ಅನ್ನೋಕಾಗಲ್ಲ. ಒಂದೇ ಒಂದು ಫೋಟೋ ಸಾಕು. ತಂದು ಎಲ್ರ ಮುಂದೆ ಇಡ್ತೀನಿ." ಎಲ್ಲರು ಎಂದರೆ ಯಾರು ಯಾರು ಎಂದು ನಾನು ಕೇಳಲಿಲ್ಲ.

ತಾಲಿನ್

ರಾಜಧಾನಿಯಲ್ಲಿ ಇಳಿದಾಗ ಬೆಳಿಗ್ಗೆ ಹತ್ತು ಗಂಟೆ. ಬೆಳಕು ಮಾತ್ರ ನಮ್ಮ ಆಷಾಢದ ಮುಸ್ಸಂಜೆಯಷ್ಟಿತ್ತು. ಉಸಿರು ಎಳೆದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತಿದ್ದವು. ಇಂಥ ಕಡೆ ಜನ ಯಾಕೆ ಇದ್ದಾರೆ ಎಂದು ಕೇಳೋಣವೆಂದರೆ ಅಲ್ಲಿ ಯಾರೂ ಮಾತಾಡುವುದಿಲ್ಲ.

ಬಸ್‌ಸ್ಟಾಪಿನಲ್ಲಿ ಹನ್ನೊಂದು ಜನ ಒಬ್ಬರಿಗೊಬ್ಬರು ಒಂದೊಂದು ಮಂಚದಷ್ಟು ದೂರ ಬಿಟ್ಟು ನಿಂತಿದ್ದರು. ಬಾಶೆಟ್ಟಿಹಳ್ಳಿಯಲ್ಲಿ ಫ್ಯಾಕ್ಟರಿ ಶಿಫ್ಟ್ ಬಿಟ್ಟಾಗ ಬಸ್ಸು ಹತ್ತಿದವನು ನಾನು. ಅಲ್ಲಿ ಇಳಿಯುವ ಹೊತ್ತಿಗೆ ಪಕ್ಕದವನ ಮಗಳ ಮದುವೆ ಎಲ್ಲಿಗೆ ಬಂತು ಎಂಬುದೂ ಗೊತ್ತಾಗಿರುತ್ತದೆ. ಇಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ನನ್ನ ಇಂಗ್ಲಿಷಿನಲ್ಲಿ, ತುಂಬಾ ಚಳಿ ಅಲ್ಲವೇ, ಎಂದೆ. ಅವರು ನನ್ನನ್ನು ನೋಡಿದರು, ಆಕಾಶ ನೋಡಿದರು, ಬಹಳ ಹೊತ್ತು ಯೋಚಿಸಿ "ಇಲ್ಲ" ಎಂದರು. ಆಮೇಲೆ ಒಂದು ಹೆಜ್ಜೆ ಆಚೆ ಸರಿದು ನಿಂತರು.

ಬಸ್ಸಿನಲ್ಲಿ ಕೂತು ಊರಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ನನ್ನ ತಮ್ಮ ಮಂಜನಿಗೆ ಫೋನ್ ಮಾಡಿದೆ. ಮೂರನೇ ಮಗ್ಗದ ಲಾಳಿ ಸಿಕ್ಕಿಕೊಳ್ಳುತ್ತಿದೆ ಎಂದ. ಅದನ್ನು ಬಿಡಿಸುವುದು ಹೇಗೆಂದು ವಿವರಿಸಿದೆ. ಫೋನ್ ಇಟ್ಟಾಗ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಮುಂದಿನ ಸೀಟಿನ ಅಜ್ಜಿ ಚೀಲದಿಂದ ಒಂದು ಪೆಪ್ಪರ್‌ಮೆಂಟು ತೆಗೆದು ನನ್ನ ಕೈಗಿತ್ತರು. ಎಷ್ಟು ಒಳ್ಳೆಯ ಜನ ಎಂದೆ. ಚೀಪುತ್ತಿರುವಷ್ಟು ಹೊತ್ತಾದರೂ ಬಾಯಿ ಮುಚ್ಚಿರಲಿ ಎಂದು ಕೊಟ್ಟಿದ್ದಾರೆ ಎಂದು ಪ್ರಮೀಳಾ ತಿಳಿಸಿ ಹೇಳಿದಳು.

ಉರ್ಮಾಸನ ಮನೆ

ಕಾಡಿನ ಅಂಚಿನ ಒಂದು ಮರದ ಮನೆಯಲ್ಲಿ ನಮ್ಮ ಗೈಡ್ ಉರ್ಮಾಸ್ ಇದ್ದ. ಐವತ್ತರ ಆಸುಪಾಸು, ತೆಂಗಿನ ಮರದಷ್ಟು ಎತ್ತರ, ದಿನಕ್ಕೆ ಐದಾರು ವಾಕ್ಯ. ಮೊದಲ ದಿನದ ವಾಕ್ಯಗಳನ್ನು ನಿಯಮ ಹೇಳುವುದಕ್ಕೆ ಖರ್ಚು ಮಾಡಿದ. ಬೆಳಕು ಹರಿಯುವ ಮುಂಚೆ ಕಾಡಿನಲ್ಲಿ ಅಡಗಿ ಕೂರುವ ಗೂಡು ಸೇರಬೇಕು. ಬೆಳಕು ಹೋಗುವವರೆಗೆ ಹೊರಗೆ ಬರಕೂಡದು. ಮಾತು ಕೂಡದು. ಮತ್ತೆ, ಆ ಪ್ರಾಣಿಯ ಹೆಸರನ್ನು ಕಾಡಿನಲ್ಲಿ ಎತ್ತಕೂಡದು. ಅವರ ಹಿರಿಯರು ಅದನ್ನು ಬೂದು ಕೋಟಿನವನು ಎನ್ನುತ್ತಿದ್ದರಂತೆ. ಹೆಸರು ಹಿಡಿದರೆ ಬಂದುಬಿಡುತ್ತದೆ ಎಂಬ ಭಯ.

ನಮ್ಮಲ್ಲಿಯೂ ರಾತ್ರಿ ಹೊತ್ತು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತೇವೆ ಎಂದೆ. ಉರ್ಮಾಸನಿಗೆ ಸಂತೋಷವಾಯಿತು. ಎಡಗಡೆಯ ಹುಬ್ಬು ಸ್ವಲ್ಪ ಮೇಲೆ ಹೋದದ್ದರಿಂದ ಗೊತ್ತಾಯಿತು. "ಆದರೆ ಈಗ ಬರಲಿ ಎಂದೇ ಕಾಯುತ್ತಿದ್ದೇವಲ್ಲ, ಹೆಸರು ಹಿಡಿದು ಕರೆಯಬಹುದಲ್ಲ?" ಎಂದು ಕೇಳಿದೆ. ಹುಬ್ಬು ಕೆಳಗಿಳಿಯಿತು.

ಸಂಜೆ ಸೌನಾಕ್ಕೆ ಕರೆದ. ಅದೊಂದು ಬಿಸಿ ಕೋಣೆ. ಕಾದ ಕಲ್ಲಿನ ಮೇಲೆ ನೀರು ಎರಚಿ, ಹಬೆಯಲ್ಲಿ ಎಲ್ಲರೂ ಹುಟ್ಟಿದ ಹಾಗೆಯೇ ಕೂರುತ್ತಾರೆ. ನಾನು ಪಂಚೆ ಉಟ್ಟು ಹೋದೆ. ಅವನು ಪಂಚೆಯನ್ನು ನೋಡಿ ಕಲ್ಲಿನ ಮೇಲೆ ಇನ್ನಷ್ಟು ನೀರು ಎರಚಿದ. ಇಪ್ಪತ್ತು ನಿಮಿಷ ಇಬ್ಬರೂ ಸುಮ್ಮನೆ ಬೆವರಿದೆವು. ನಮ್ಮ ಮನೆಯ ದೀಪಾವಳಿಯ ಎಣ್ಣೆಸ್ನಾನದಲ್ಲಿ ಹೊರಗಿನಿಂದ "ನೀರು ಸಾಕಾ, ಬಿಸಿ ಆಯ್ತಾ, ಬೇಗ ಬಾ" ಎಂದು ಹತ್ತು ಜನ ಕೂಗುತ್ತಿರುತ್ತಾರೆ. ಮಲಗಿದರೆ ನಿದ್ದೆಯೂ ಬರಲಿಲ್ಲ. ನಮ್ಮವರಿಗೆ ಮಗ್ಗ ಓಡುತ್ತಿದ್ದರೆ ನಿದ್ದೆ, ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರ. ಈ ದೇಶದಲ್ಲಿ ಕರೆಂಟು ಹೋಗಿ ಸಾವಿರ ವರ್ಷವಾದ ಹಾಗಿತ್ತು.

ಗೂಡು, ಮೊದಲೆರಡು ದಿನ

ಗೂಡು ಎಂದರೆ ನಮ್ಮ ಕಡೆ ಹೊಲದಲ್ಲಿ ಬೋರ್‌ವೆಲ್ ಮೋಟಾರಿಗೆ ಕಟ್ಟುವ ಕೋಣೆಯಷ್ಟು ದೊಡ್ಡ ಮರದ ಪೆಟ್ಟಿಗೆ. ಎರಡು ಸ್ಟೂಲು. ಎಡಕ್ಕೊಂದು, ಬಲಕ್ಕೊಂದು ಸಣ್ಣ ಕಿಂಡಿ. ಮೂಲೆಯಲ್ಲಿ ಪರದೆಯ ಹಿಂದೆ ಒಂದು ಬಕೆಟ್ಟು. ಅದರ ವಿಷಯ ಬೇಡ. ಬಲಗಡೆಯ ಕಿಂಡಿಯ ಎದುರಿನ ಬಯಲಿನಲ್ಲಿ ತೋಳಗಳೇ ಹೊಡೆದು ಅರ್ಧ ತಿಂದಿದ್ದ, ಎಮ್ಮೆಯಷ್ಟು ದೊಡ್ಡ ಸಾರಂಗ ಬಿದ್ದಿತ್ತು. ಉಳಿದದ್ದಕ್ಕೆ ಅವು ಮತ್ತೆ ಬರುತ್ತವೆ ಎಂದು ಉರ್ಮಾಸ್ ನಂಬಿದ್ದ. ನಾಲ್ಕು ದಿನದೊಳಗೆ ಬಂದರೆ ಪ್ರಮೀಳಾಳಿಗೆ ಫೋಟೋ, ಇಲ್ಲದಿದ್ದರೆ ಇಲ್ಲ.

ಮೊದಲ ದಿನ ದೊಡ್ಡ ಕಾಗೆಗಳು ಬಂದವು. ಅವೂ ಹೆಚ್ಚು ಕೂಗಲಿಲ್ಲ.

ಎರಡನೇ ದಿನ ಬೆಳಿಗ್ಗೆ ಒಂದು ನರಿ ಬಂದು ತಿಂದು ಹೋಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇದ್ದಕ್ಕಿದ್ದಂತೆ ಕಾಗೆಗಳೆಲ್ಲ ತಿನ್ನುವುದನ್ನು ಬಿಟ್ಟು ಕಾಡಿನ ಕಡೆ ನೋಡಿದವು. ಪ್ರಮೀಳಾಳ ಬೆನ್ನು ನೆಟ್ಟಗಾಯಿತು. ಮರಗಳ ನಡುವೆ ಬೂದು ಬಣ್ಣದ್ದೇನೋ ಅಲ್ಲಾಡಿದ ಹಾಗಾಯಿತು. ಅವಳ ಬೆರಳು ಗುಂಡಿಯ ಮೇಲಿತ್ತು. ನಾನು ಅವಳ ಕಿವಿಯ ಹತ್ತಿರ ಬಾಗಿ, ನನ್ನಿಂದ ಎಷ್ಟಾಗುತ್ತದೋ ಅಷ್ಟು ಮೆಲ್ಲಗೆ, "ಬಂತಾ?" ಎಂದೆ.

ಕಾಗೆಗಳು ಒಟ್ಟಿಗೆ ಮೇಲೆದ್ದವು. ಪಕ್ಕದ ಮರದಿಂದ ಒಂದು ಮಂಕರಿಯಷ್ಟು ಹಿಮ ಜಾರಿ ಬಿತ್ತು. ಹಿಮ ತಾನಾಗಿಯೇ ಬಿದ್ದದ್ದು ಎಂದು ನಾನು ಈಗಲೂ ಹೇಳುತ್ತೇನೆ. ಮರಗಳ ನಡುವೆ ಮರಗಳು ಮಾತ್ರ ಉಳಿದವು. ಸಂಜೆ ಮನೆಗೆ ಹೋದಾಗ, ಆ ಹೊತ್ತಿನಲ್ಲಿ ಗೂಡಿನಿಂದ ಒಂದು ಮೈಲಿ ದೂರದಲ್ಲಿ ಸೌದೆ ಒಡೆಯುತ್ತಿದ್ದ ಉರ್ಮಾಸ್, "ಹನ್ನೊಂದೂಕಾಲಿಗೆ ನೀವು ಏನೋ ಹೇಳಿದಿರಿ," ಎಂದ.

ಪ್ರಮೀಳಾ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಊಟ ಮುಗಿಸಿ ಲೆನ್ಸು ಒರೆಸುತ್ತಾ, "ರೀ, ನಾಳೆ ನೀವು ಮನೇಲೇ ಇರಿ," ಎಂದಳು. ನನಗೆ ನಿಜವಾಗಿ ದುಃಖವಾಯಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನನ್ನು ಬಿಟ್ಟು ಹೋಗಿದ್ದು ತೌರಿಗೆ, ತಂಗಿಯ ಮನೆಗೆ ಮಾತ್ರ.

ಮೂರನೇ ದಿನ, ಹೆಜ್ಜೆಗಳು

ಅವಳು ಒಬ್ಬಳೇ ಗೂಡಿಗೆ ಹೋದಳು. ನನ್ನನ್ನು ಏನು ಮಾಡುವುದೆಂದು ತೋಚದೆ ಉರ್ಮಾಸ್ ಕಾಡಿನ ಇನ್ನೊಂದು ಬದಿಗೆ ಕರೆದುಕೊಂಡು ಹೋದ. ಅವನ ನಾಯಿ ಜೊತೆಗೆ ಬಂತು. ಒಂದು ಕಡೆ ನಿಂತು ಹಿಮದ ಮೇಲಿನ ಹೆಜ್ಜೆಗಳನ್ನು ತೋರಿಸಿದ. ನನ್ನ ಅಂಗೈಯಷ್ಟು ದೊಡ್ಡ ಗುರುತುಗಳು ಬಯಲಿನ ಈ ತುದಿಯಿಂದ ಆ ತುದಿಗೆ, ಮಗ್ಗದಲ್ಲಿ ಉದ್ದಕ್ಕೆ ಹಾಸಿನ ಎಳೆ ಬಿಗಿದು ಕಟ್ಟಿದ ಹಾಗೆ, ಒಂದೇ ಗೆರೆಯಲ್ಲಿ ಹೋಗಿದ್ದವು. ಪಕ್ಕದಲ್ಲೇ ಅವನ ನಾಯಿ ಆಗತಾನೇ ಓಡಿದ ಗುರುತುಗಳಿದ್ದವು. ಅವು ಆ ಪೊದೆಗೊಮ್ಮೆ, ಈ ಕಲ್ಲಿಗೊಮ್ಮೆ ಹೋಗಿ ಬಂದಿದ್ದವು.

"ನಾಯಿಗೆ ಮನೆಯಲ್ಲಿ ಊಟ ಇದೆ. ಅಲೆದಾಡಲು ಶಕ್ತಿ ಇದೆ," ಎಂದ ಉರ್ಮಾಸ್. "ಬೂದು ಕೋಟಿನವನಿಗೆ ಒಂದು ಹೆಜ್ಜೆಯೂ ಹೆಚ್ಚಾಗಕೂಡದು. ನೇರ ಹೋಗುತ್ತಾನೆ." ಅಲ್ಲಿಗೆ ಅವನ ಆ ದಿನದ ನಾಲ್ಕು ವಾಕ್ಯ ಖರ್ಚಾಯಿತು.

ನಾನು ಆ ಗೆರೆಯ ಪಕ್ಕದಲ್ಲಿ ಬಹಳ ಹೊತ್ತು ನಿಂತೆ. ಮೂರು ವರ್ಷದ ಕೆಳಗೆ ನಮ್ಮ ಜಗಲಿಯ ಮೇಲೆ ಗಾರ್ಡಿನ ಮುಂದೆ ಪ್ರಮೀಳಾ ಹೇಳಿದ್ದು ಇದನ್ನೇ. "ಅತ್ಲಾಗಿತ್ಲಾಗೆ ನೋಡ್ಲಿಲ್ಲ ಸಾರ್. ಬಾಲ ಕೆಳಕ್ಕೆ ಬಿಟ್ಕೊಂಡು ನೆಟ್ಟಗೆ ದಾಟ್ಕೊಂಡು ಹೋಯ್ತು." ನಾಯಿ ಹಾಗೆ ಹೋಗುವುದಿಲ್ಲ. ನಮ್ಮ ಬೀದಿಯ ನಾಯಿಗಳನ್ನು ನಾನು ಐವತ್ತೈದು ವರ್ಷದಿಂದ ನೋಡುತ್ತಿದ್ದೇನೆ; ಒಂದು ಲೈಟ್ ಕಂಬವನ್ನೂ ಸುಮ್ಮನೆ ದಾಟುವುದಿಲ್ಲ.

ಉರ್ಮಾಸನನ್ನು ಕೇಳಿದೆ: "ಐವತ್ತು ಅಡಿ ದೂರದಿಂದ, ಹಗಲು ಹೊತ್ತಿನಲ್ಲಿ ನೋಡಿದವರು ನಾಯಿಯನ್ನು ಈ ಹೆಜ್ಜೆಯವನು ಎಂದು ತಪ್ಪು ತಿಳಿಯುವುದು ಸಾಧ್ಯವೇ?"

"ನೋಡಿದವರು ಯಾರು?"

"ನನ್ನ ಹೆಂಡತಿ."

"ಅವರು ಏನೆಂದರು?"

"ಬೂದು ಕೋಟಿನವನು ಅಂದಳು."

ಅವನು ನನ್ನನ್ನೇ ನೋಡಿದ. "ಹಾಗಾದರೆ ಪ್ರಶ್ನೆ ಏನು?" ಎಂದ.

ಸಂಜೆ ಪ್ರಮೀಳಾ ಬರಿಗೈಯಲ್ಲಿ ಬಂದಳು. ಮಾರನೆಯ ದಿನ ಕೊನೆಯದು. ನನ್ನನ್ನೂ ಕರೆದುಕೊಂಡು ಹೋಗು ಎಂದು ಬೇಡಿಕೊಂಡೆ. "ಬಾಯಿ ಬಿಟ್ರೆ ಅಲ್ಲೇ ಹಿಮದಲ್ಲಿ ಹೂತಾಕಿ ಬರ್ತೀನಿ," ಎಂದಳು. ಒಪ್ಪಿಗೆ ಸಿಕ್ಕಿತು ಎಂದುಕೊಂಡು, ಬೆಳಿಗ್ಗೆ ಎದ್ದು ಊರಿಂದ ತಂದಿದ್ದ ಸಾರಿನ ಪುಡಿಯಲ್ಲಿ ನಾನೇ ಸಾರು ಮಾಡಿ ಫ್ಲಾಸ್ಕಿಗೆ ತುಂಬಿಸಿದೆ. ತಪ್ಪಾಯಿತು ಎನ್ನಲು ನನಗೆ ಬರುವುದಿಲ್ಲ. ಸಾರು ಮಾಡಲು ಬರುತ್ತದೆ.

ನಾಲ್ಕನೇ ದಿನ

ಹನ್ನೆರಡು ಗಂಟೆಯವರೆಗೆ ಕಾಗೆಗಳೂ ಬರಲಿಲ್ಲ. ಪ್ರಮೀಳಾಳ ತುಟಿ ನೀಲಿಯಾಗಿತ್ತು. ಫ್ಲಾಸ್ಕಿನ ಮುಚ್ಚಳ ತೆಗೆದು ಅವಳ ಲೋಟಕ್ಕೆ ಸಾರು ಬಗ್ಗಿಸಿದೆ. ಹಬೆ ಎದ್ದು ಗೂಡಿನ ತುಂಬಾ ಇಂಗಿನ ವಾಸನೆ ಹರಡಿತು. ಅವಳು ಎರಡು ಗುಟುಕು ಕುಡಿದು ಮತ್ತೆ ಬಲಗಡೆಯ ಕಿಂಡಿಗೆ ತಿರುಗಿದಳು. ನಾನು ಎಡಗಡೆಯದರಲ್ಲಿ ನೋಡಿದೆ.

ಅಲ್ಲಿ ಅದು ನಿಂತಿತ್ತು.

ನಮ್ಮ ಓಣಿಯ ಅಗಲದ ಎರಡರಷ್ಟು ದೂರ, ಅಷ್ಟೇ. ಕಾಲು ಉದ್ದ, ಎದೆ ಕಿರಿದು, ಮೈಮೇಲಿನ ಬೂದು ಕೂದಲಿನ ತುದಿಯಲ್ಲಿ ಹಿಮ. ಬಾಲ ಕೆಳಗೆ ನೇತುಬಿದ್ದಿತ್ತು. ಅದು ಸಾರಂಗವನ್ನು ನೋಡುತ್ತಿರಲಿಲ್ಲ, ಗೂಡನ್ನು ನೋಡುತ್ತಿತ್ತು. ಇಂಗಿನ ವಾಸನೆ ಅದಕ್ಕೂ ಹೊಸದಿರಬೇಕು.

ಮಾತಾಡುವ ಹಾಗಿಲ್ಲ. ನನ್ನ ಪಿಸುಮಾತು ಏನು ಮಾಡುತ್ತದೆಂದು ನನಗೆ ಗೊತ್ತು. ಪ್ರಮೀಳಾಳ ಮಂಡಿಯನ್ನು ಮೆಲ್ಲಗೆ ಒತ್ತಿದೆ. ಅವಳು ನನ್ನನ್ನು ಹೂಳುವ ಮುಖ ಮಾಡಿ ತಿರುಗಿದಳು. ನಾನು ಕೈಯೆತ್ತಿ ಮೂರು ಬೆರಳು ಮಾಡಿದೆ, ಅಷ್ಟೇ. ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲವಾದ್ದರಿಂದ ನಮ್ಮ ಶೆಡ್ಡಿನಲ್ಲಿ ಎಲ್ಲದಕ್ಕೂ ಕೈಸನ್ನೆ ಇದೆ. ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಅವಳು ಅವನ್ನು ಕಲಿತಿದ್ದಳು. ತೋಳಕ್ಕೆ ಸನ್ನೆ ಇಲ್ಲ. ಎಡಗಡೆ ಮಗ್ಗ, ಎಳೆ ಕಿತ್ತುಹೋಗಿದೆ, ಓಡು ಎನ್ನುವುದಕ್ಕೆ ಇದೆ. ಆ ಮೂರು ಬೆರಳು ಅದೇ.

ಅವಳು ಕ್ಯಾಮೆರಾವನ್ನು ಬಲಗಡೆಯಿಂದ ಎತ್ತಿ ಎಡಗಡೆಯ ಕಿಂಡಿಗೆ ತಂದಳು. ಒಂದು ಸದ್ದೂ ಆಗಲಿಲ್ಲ. ಕಣ್ಣು ಇಟ್ಟಳು. ಕಣ್ಣು ತೆಗೆದಳು. ಮತ್ತೆ ಇಟ್ಟಳು. ಕಣ್ಣಿಡುವ ಗಾಜಿನ ಮೇಲೆ ನನ್ನ ಸಾರಿನ ಹಬೆ ಕೂತು ಹೆಪ್ಪುಗಟ್ಟಿ ಬಿಳಿಯಾಗಿತ್ತು. ಉಗುರಿನಿಂದ ಕೆರೆದಳು, ಹೋಗಲಿಲ್ಲ. ಕೊನೆಗೆ ಕ್ಯಾಮೆರಾವನ್ನು ಅಂದಾಜಿನ ಮೇಲೆ ಹಿಡಿದು ಗುಂಡಿ ಒತ್ತುತ್ತಾ, ಅದರ ಮೇಲಿನಿಂದ ಬರಿಗಣ್ಣಿನಲ್ಲಿ ನೋಡುತ್ತಾ ನಿಂತಳು. ತೋಳ ಮುಖ ತಿರುಗಿಸಿತು. ಅವಸರವಿಲ್ಲದೆ ಬಯಲು ದಾಟಿ ನೇರವಾಗಿ ಕಾಡಿನೊಳಗೆ ಹೋಯಿತು.

ನನಗೆ ಭಯವಾಗಲಿಲ್ಲ, ನಾಚಿಕೆಯಾಯಿತು. ಅದನ್ನು ಒಂದು ಸಲ ಕಂಡವರು ನಾಯಿ ಎನ್ನಲಾರರು. ಮೂರು ವರ್ಷ ಅವಳು ಇದನ್ನು ಕಣ್ಣೊಳಗೆ ಇಟ್ಟುಕೊಂಡು, ನನಗೆ ಅನ್ನ ಬಡಿಸುತ್ತಿದ್ದಳು.

ಹದಿನಾರು ಫೋಟೋ ಬಂದಿದ್ದವು. ಹದಿನೈದರಲ್ಲಿ ಒಂದು ಪೈನ್ ಮರದ ಬೊಡ್ಡೆ, ಬಹಳ ಸ್ಪಷ್ಟವಾಗಿ. ಹದಿನಾರನೆಯದರಲ್ಲಿ ಅದೇ ಬೊಡ್ಡೆ, ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಬಾಲ. ಪ್ರಮೀಳಾ ಎಲ್ಲವನ್ನೂ ಎರಡು ಸಲ ನೋಡಿದಳು. ಆಮೇಲೆ ಲೋಟದಲ್ಲಿ ಉಳಿದಿದ್ದನ್ನು ಕುಡಿದು, "ಸಾರು ಚೆನ್ನಾಗಿತ್ತು," ಎಂದಳು.

"ತಪ್ಪಾಯ್ತು ಕಣೇ," ಎಂದೆ.

"ಯಾವ್ದಕ್ಕೆ?"

"ಸಾರಿಗೆ. ಅವತ್ತು ಗಾರ್ಡ್ ಹತ್ರ ಹೇಳಿದ್ದಕ್ಕೂ."

ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ನಂಗೆ ಹೇಳಿ ಏನ್ ಬಂತು? ನಾಯಿ ಅಂತ ಬರ್ಕೊಂಡಿರೋದು ನಾನಲ್ಲ."

ದೊಡ್ಡಬಳ್ಳಾಪುರ

ಮನೆ ತುಂಬಾ ಜನ ಸೇರಿದರು. ಬಾಲದ ಫೋಟೋ ಕೈಯಿಂದ ಕೈಗೆ ಹೋಯಿತು. ಮಂಜ ಅದನ್ನು ದೊಡ್ಡದು ಮಾಡಿ ನೋಡಿ, "ಅಣ್ಣ, ಇದ್ಕೋಸ್ಕರ ಅಷ್ಟು ದೂರ ಹೋಗ್ಬೇಕಿತ್ತಾ? ಬೇಕರಿ ಮುಂದೆ ಇಂಥವು ಮೂರ್ ಬಾಲ ಮಲ್ಗಿರ್ತವೆ," ಎಂದ. ಎಲ್ಲರೂ ನಕ್ಕರು. ನಾನು ನನ್ನ ಕಣ್ಣಾರೆ ನೋಡಿದ್ದೇನೆ, ತೋಳವೇ ಎಂದೆ. ಇನ್ನೂ ಜೋರಾಗಿ ನಕ್ಕರು. "ಅತ್ತಿಗೆ ಜೊತೆ ಸೇರಿ ನೀನೂ ಶುರು ಹಚ್ಕೊಂಡ್ಯಾ?" ಎಂದು ಮಂಜ ನನ್ನ ಬೆನ್ನು ತಟ್ಟಿದ. ಕಂಡದ್ದನ್ನು ಕಂಡೆ ಎಂದು ಹೇಳಿ ಬೆನ್ನು ತಟ್ಟಿಸಿಕೊಳ್ಳುವುದು ಎಷ್ಟು ಕೆಟ್ಟದಾಗಿರುತ್ತದೆ ಎಂದು ಆಗ ತಿಳಿಯಿತು. ಪ್ರಮೀಳಾ ಎದ್ದು ಮಗ್ಗದ ಶೆಡ್ಡಿಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಅರಣ್ಯದವರ ಕಚೇರಿಗೆ ಹೋದೆ. ಅದೇ ಗಾರ್ಡ್ ಇದ್ದ, ಸ್ವಲ್ಪ ದಪ್ಪಗಾಗಿದ್ದ. ವಿಷಯ ಹೇಳಿದೆ. ಹಳೆಯ ಪುಸ್ತಕ ಹುಡುಕಿ ತೆಗೆದ.

"ಇದ್ನ ಈಗ ತಿದ್ದೋಕಾಗಲ್ಲ ಸಾರ್. ಬೇಕಾದ್ರೆ ಹೊಸದಾಗಿ ಬರ್ಕೊತೀನಿ. ಹೇಳಿ, ಹೆಂಗಿತ್ತು?"

"ನಾನ್ ಹೆಂಗಪ್ಪಾ ಹೇಳ್ಲಿ? ನಾನ್ ನೋಡೇ ಇಲ್ವಲ್ಲ."

"ಮತ್ತೆ ಅವತ್ತು ನಾಯಿ ಅಂದ್ರಿ?"

ಇದಕ್ಕೆ ಉತ್ತರವನ್ನು ಮೆಲ್ಲಗೆ ಹೇಳಬೇಕೆಂದೇ ಇದ್ದೆ. "ನೋಡದೇನೇ ಅಂದೆ. ಸುಳ್ಳು ಹೇಳ್ದೆ," ಎಂದೆ. ಪಕ್ಕದ ಕೋಣೆಯಿಂದ ಇಬ್ಬರು ಎದ್ದು ಬಂದು ಬಾಗಿಲಲ್ಲಿ ನಿಂತರು. "ನೋಡಿದ್ದು ನಮ್ಮನೆಯವ್ರು. ಅವ್ರನ್ನ ಕೇಳಿ ಬರ್ಕೊಳ್ಳಿ," ಎಂದು ನಂಬರು ಕೊಟ್ಟೆ.

ಅವನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಆ ಕಡೆ ಎಂಟು ಮಗ್ಗಗಳ ಸದ್ದು. ಅದರ ಮಧ್ಯೆ ಪ್ರಮೀಳಾ "ಯಾರು?" ಎಂದು ಕೂಗುತ್ತಿದ್ದಳು.

"ಮೇಡಂ, ಅರಣ್ಯದಿಂದ. ಮೂರ್ ವರ್ಷದ ಹಿಂದೆ ನೀವು ನೋಡಿದ್ರಲ್ಲ, ಅದ್ನ ಬರ್ಕೊಬೇಕಿತ್ತು. ಏನ್ ನೋಡಿದ್ರಿ, ಹೇಳ್ತೀರಾ?"

"ಒಂದ್ನಿಮಿಷ ಇರಿ ಸಾರ್," ಎಂದಳು.

ಒಂದು ಮಗ್ಗ ನಿಂತಿತು. ಇನ್ನೊಂದು ನಿಂತಿತು. ಕೆಲಸದ ದಿನ ಹಾಡಹಗಲಲ್ಲಿ ನಮ್ಮ ಮನೆಯ ಮಗ್ಗವನ್ನು ನಾವಾಗಿ ನಿಲ್ಲಿಸುವುದು ಸಾವಾದರೆ ಮಾತ್ರ. ನಾನು ಎಣಿಸುತ್ತಾ ಕೂತೆ. ಎಂಟನೆಯದೂ ನಿಂತ ಮೇಲೆ ಫೋನಿನಲ್ಲಿ ಅವಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ತೋಳ ಸಾರ್," ಎಂದಳು. "ಬರ್ಕೊಳ್ಳಿ."

ಗಾರ್ಡ್ ಪೆನ್ನಿನ ಮುಚ್ಚಳ ತೆಗೆದ. ಅವಳು ಹೇಳುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಅವನು ಹಾಳೆ ತಿರುಗಿಸಿದ.